ಹೆಂಡತಿಯ ಮೊದಲ ಮದುವೆಯ ಮಗ ಅಮೆರಿಕದಿಂದ ರಜಕ್ಕ ಕಲಬುರಗಿಗೆ ಬರಬೇಕು, ಯಾವ ವೀಸಾ? ಗೊತ್ತಿದ್ದವರು ಹೇಳ್ರಿ

ಜೇವರ್ಗಿ ರಸ್ತೆ, ಕಲಬುರಗಿ:
ಹುಡುಗಗ 11 ವರ್ಷ. ಹುಟ್ಟಿದ್ದು ಅಮೆರಿಕದಾಗ, ಪಾಸ್‌ಪೋರ್ಟೂ ಅಲ್ಲಿಂದೇ. ಟೆಕ್ಸಾಸ್‌ನ್ಯಾಗ ಅವರ ತಂದಿ ಹತ್ರ ಇರ್ತಾನ. ತಾಯಿ ಅಂದ್ರ ನನ್ನ ಹೆಂಡ್ತಿ, ಭಾರತದ ಪಾಸ್‌ಪೋರ್ಟ್, ಈಗ ಇಲ್ಲೇ. ಜೂನ್ ಮೊದಲ ವಾರ ಬಂದು ಆಗಸ್ಟ್ 10ಕ್ಕ ವಾಪಸ್ ಹೋಗಬೇಕು. ಅರ್ಜಿಯೊಳಗ ನನ್ನ ಹೆಸರು ಎಲ್ಲಿ ಬರ್ತದ? ತಂದಿ ಸಹಿ ಬೇಕೇ ಬೇಕೇನ್ರಿ? ಮಲಮಗ ಅಂತ ಯಾವುದರ ಕಾಗದ ತೋರಿಸ್ಬೇಕಾಗ್ತದೇನು?

ಶಹಾಪುರದವ:
ಆನ್‌ಲೈನ್‌ನ್ಯಾಗ ತಗೊಳ್ಳೋ ಇ-ಟೂರಿಸ್ಟ್ ವೀಸಾ ಸಾಕು. ಆದ್ರ 30 ದಿನದ್ದು ತಗೋಬ್ಯಾಡ್ರಿ. ಏಪ್ರಿಲ್‌ನಿಂದ ಜೂನ್ ತನಕ ಅದಕ್ಕ 10 ಡಾಲರ್ ಅಷ್ಟೇ, ಅದನ್ನ ನೋಡಿ ಜನ ಬೀಳ್ತಾರ. ನಿಮ್ಮ ಹುಡುಗ ಸುಮಾರು 70 ದಿನ ಇರಾಂವ. 30 ದಿನದ್ದು ಮುಂದುವರಿಸಿ ಕೊಡಂಗಿಲ್ಲ, ಬ್ಯಾರೆ ವೀಸಾಕ್ಕ ಬದಲಾಯಿಸಾಕೂ ಬರಂಗಿಲ್ಲ. ಒಂದು ವರ್ಷದ್ದು 40 ಡಾಲರ್, ಐದು ವರ್ಷದ್ದು 80, ಮ್ಯಾಲ ಬ್ಯಾಂಕ್ ಚಾರ್ಜು. ಅಮೆರಿಕದವರಿಗೆ ಒಮ್ಮೆಗೆ 180 ದಿನದ ತನಕ ಇರಾಕ ಬಿಡ್ತಾರ.

ಇನ್ನೊಂದು ಗೊಂದಲ. 30 ದಿನದ್ದರ ಮ್ಯಾಲ ಬರೆದಿರೋ ಕೊನೆ ತಾರೀಖು ದೇಶದೊಳಗ ಕಾಲಿಡಾಕ ಇರೋ ಕೊನೆ ದಿನ. 30 ದಿನ ಎಣಿಸೋದು ಇಳಿದ ದಿನದಿಂದ. ಒಂದು ವರ್ಷದ್ದು ಹಂಗಲ್ಲ, ಮಂಜೂರಾದ ದಿನದಿಂದಲೇ ಗಡಿಯಾರ ಸುರು.

ಫೋಟೊ ಚೌಕಾಕಾರ, ಬಿಳಿ ಹಿನ್ನೆಲೆ, ಕಮ್ಮಿ ಅಂದ್ರ 350ಕ್ಕ 350 ಪಿಕ್ಸೆಲ್, ಜೆಪೆಗ್ ಫೈಲು 10 ಕೆಬಿಯಿಂದ 1 ಎಂಬಿ. ಪಾಸ್‌ಪೋರ್ಟ್ ಪುಟ ಪಿಡಿಎಫ್, 300 ಕೆಬಿ ದಾಟಬಾರದು. ಇಲ್ಲೇ ಎಲ್ಲರೂ ಎಡವೋದು: ಮೊಬೈಲ್‌ನ್ಯಾಗ ಹೊಡೆದ ಫೋಟೊ 4 ಎಂಬಿ ಇರ್ತದ, ಅದನ್ನ ಹಿಂಡಿ ಹಿಂಡಿ 300ಕ್ಕ ಇಳಿಸಿದ್ರ ಕೆಳಗಿನ ಎರಡು ಸಾಲು ಬಾಣದ ಗುರುತಿನ ಅಕ್ಷರ ಮಸುಕಾಗ್ತಾವ. ಸ್ಕ್ಯಾನರ್‌ನ್ಯಾಗ ಕಪ್ಪು-ಬಿಳುಪು ಮಾಡಿಸಿದ್ರ ಹಗುರ ಆಗ್ತದ, ಅಕ್ಷರನೂ ಚೂಪು ಇರ್ತಾವ. ಪಾಸ್‌ಪೋರ್ಟ್ ಇಳಿಯೋ ದಿನದಿಂದ ಆರು ತಿಂಗಳು ಚಾಲ್ತಿ ಇರಬೇಕು, ಎರಡು ಪುಟ ಖಾಲಿ.

ಬೀದರ್, ನೌಬಾದ್ ಕಡೆಯವ:
40 ಡಾಲರ್ ಕಟ್ಟಿ ವರ್ಷಾ ವರ್ಷಾ ಇದೇ ಗೋಳು ಮಾಡ್ಕೋತ ಕೂಡ್ರೋದು ಯಾಕ? ತಾಯಿ ಭಾರತೀಯಳು ಇದ್ದಾಳಂದ್ರ ಹುಡುಗಗ ಓಸಿಐ, ಅಂದ್ರ ಭಾರತ ಮೂಲದ ವಿದೇಶಿಯರಿಗೆ ಕೊಡೋ ಕಾರ್ಡಿನ ಹಕ್ಕು ಅದ. ಅಮೆರಿಕದಾಗ 275 ಡಾಲರ್, ಅರ್ಜಿ ತಗೊಳ್ಳೋ ವಿಎಫ್‌ಎಸ್ ಕಂಪನಿ ಚಾರ್ಜ್ ಬ್ಯಾರೆ. ಆದ್ರ ಒಮ್ಮೆ ಕಟ್ಟಿದ್ರ ವೀಸಾ ಅನ್ನೋ ಶಬ್ದನೇ ಬಿಡ್ರಿ. ಮೊದಲು ವಯಸ್ಸು 20 ಆಗೋ ತನಕ ಪ್ರತಿ ಹೊಸ ಪಾಸ್‌ಪೋರ್ಟಿಗೂ ಕಾರ್ಡ್ ಹೊಸದು ಮಾಡಿಸಬೇಕಿತ್ತು, 2021ರ ಏಪ್ರಿಲ್‌ನಿಂದ ವಯಸ್ಸು 20 ತುಂಬಿದ ಮ್ಯಾಲ ತಗೊಂಡ ಪಾಸ್‌ಪೋರ್ಟಿಗೆ ಒಂದೇ ಸಲ. ನಡುವ ಬಂದ ಹೊಸ ಪಾಸ್‌ಪೋರ್ಟ್ ಮತ್ತ ಫೋಟೊ ಮೂರು ತಿಂಗಳೊಳಗ ಆನ್‌ಲೈನ್‌ನ್ಯಾಗ ಏರಿಸಿದ್ರ ಮುಗೀತು, ಅದಕ್ಕ ರೊಕ್ಕ ಇಲ್ಲ.

ಹುಮನಾಬಾದ್ ಅಕ್ಕ:
ನೌಬಾದ್ ಅಣ್ಣಾರ, ಓಸಿಐ ಅರ್ಜಿಗೆ ಸಣ್ಣ ಹುಡುಗರದು ಅಂದ್ರ ತಾಯಿ-ತಂದಿ ಇಬ್ಬರ ಸಹಿ ಬೇಕು ಅನ್ನೋದು ನುಂಗಿಬಿಟ್ರಲ್ಲ? ಒಬ್ಬರೇ ಹಾಕಬೇಕಂದ್ರ ಮಗುವಿನ ಪೂರಾ ಜವಾಬ್ದಾರಿ ಒಬ್ಬರಿಗೇ ಕೊಟ್ಟ ಕೋರ್ಟ್ ಆದೇಶ ಬೇಕು. ಡಿವೋರ್ಸ್ ಆದ ಎಷ್ಟು ಮಂದಿ ಹತ್ರ ಅದು ಇರ್ತದ? ಜಂಟಿ ಅಂತಲೇ ಬರೆದಿರ್ತಾರ. ಆ ತಂದಿ "ನೋಡೋಣ" ಅಂದ ಅಂದ್ರ ಅರ್ಜಿ ಅಲ್ಲೇ ಕೂತಿರ್ತದ.

ಇನ್ನ ತಾಯಿ ಹೆಸರು. ಮಗನ ಜನನ ಪ್ರಮಾಣಪತ್ರದಾಗ ಹಳೆ ಹೆಸರು, ಎರಡನೇ ಮದುವಿ ಆದ ಮ್ಯಾಲ ಮಾಡಿಸಿದ ಪಾಸ್‌ಪೋರ್ಟಿನ್ಯಾಗ ಹೊಸ ಹೆಸರು. ಓಸಿಐಗೆ ಹೋಗೋದಾದ್ರ ಹಳೆ ಪಾಸ್‌ಪೋರ್ಟಿನ ಪ್ರತಿ, ಡಿವೋರ್ಸ್ ಆದೇಶ, ಹೊಸ ಮದುವಿ ಸರ್ಟಿಫಿಕೇಟ್ ಮೂರೂ ಒಂದೇ ಸಾಲಿನ್ಯಾಗ ಜೋಡಿಸಿ ಕೊಡ್ರಿ. ಒಂದು ತಪ್ಪಿದ್ರೂ ಕಾಗದ ವಾಪಸ್.

ಮೊದಲು ನೋಡಬೇಕಾದ್ದು ಹುಡುಗನ ಪಾಸ್‌ಪೋರ್ಟ್. 16ರ ಒಳಗಿನವರಿಗೆ ಅಮೆರಿಕ ಐದೇ ವರ್ಷಕ್ಕ ಕೊಡ್ತದ. ಮುಗಿಯಾಕ ಬಂದಿದ್ರ ಹೊಸದಕ್ಕ 135 ಡಾಲರ್, ಮತ್ತ ಇಬ್ಬರೂ ಎದುರಿಗೆ ನಿಲ್ಲಬೇಕು. ನಿಲ್ಲದವರು ಡಿಎಸ್-3053 ಅನ್ನೋ ಒಪ್ಪಿಗೆ ಫಾರಂ ನೋಟರಿ ಮಾಡಿಸಿ, ಗುರುತಿನ ಚೀಟಿ ಪ್ರತಿ ಜೋಡಿ ಕಳಿಸಬೇಕು. ತಾಯಿ ಕಲಬುರಗಿಯೊಳಗ ಇದ್ದಾಳಂದ್ರ ಹೈದರಾಬಾದ್‌ನ್ಯಾಗಿನ ಅಮೆರಿಕದ ಕಾನ್ಸುಲೇಟ್‌ನ್ಯಾಗ ಅಪಾಯಿಂಟ್‌ಮೆಂಟ್ ಹಿಡಿಬೇಕು. ಮನ್ಯಾಗ ಮೊದಲೇ ಸಹಿ ಹಾಕ್ಕೊಂಡು ಹೋಗಬ್ಯಾಡ್ರಿ, ಅಧಿಕಾರಿ ಕಣ್ಣೆದುರೇ ಹಾಕಬೇಕು. ಆ ಸಹಿ ಮೂರು ತಿಂಗಳಿಗಷ್ಟೇ ನಡೀತದ. ಫೆಬ್ರುವರಿಯೊಳಗ ಮಾಡಿಸಿ ಜೂನ್‌ಗೆ ಹಚ್ಚಿದ್ರ ಅದು ರದ್ದಿ ಕಾಗದ.

ಬೀದರ್, ನೌಬಾದ್ ಕಡೆಯವ:
ನುಂಗಿಲ್ಲ ಅಕ್ಕಾರ. ಇಬ್ಬರ ಸಹಿ ಬೇಕು ಅನ್ನೋದು ಎಲ್ಲರಿಗೂ ಗೊತ್ತಿದ್ದ ಮಾತು. ಒಬ್ಬರ ಕೈಲಿ ಆಗಲಿಲ್ಲ ಅಂದ್ರ ಓಸಿಐನೇ ಕೆಟ್ಟದ್ದಾ?

ಹುಮನಾಬಾದ್ ಅಕ್ಕ:
ಗೊತ್ತಿದ್ದ ಮಾತಾಗಿದ್ರ ಅವರು "ತಂದಿ ಸಹಿ ಬೇಕೇನು" ಅಂತ ಯಾಕ ಕೇಳ್ತಿದ್ರು? ಸುಮ್ಮ ದೊಡ್ಡಸ್ತನ ಬ್ಯಾಡ.

ಕೋರ್ಟ್ ರಸ್ತೆ, ಯಾದಗಿರಿ:
ಸಹಿಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹುಡುಗನನ್ನು ಇಲ್ಲೇ ಉಳಿಸಿಕೊಂಡರೆ ಅಲ್ಲಿನ ತಂದೆ ಆ ಒಪ್ಪಂದದ ದಾರಿಯಲ್ಲಿ ಮಗನನ್ನು ವಾಪಸ್ ಕೇಳಲು ಬರುವುದಿಲ್ಲ. ಇದು ಅಲ್ಲಿನ ವಕೀಲರಿಗೆಲ್ಲ ಗೊತ್ತು, ಹಾಗಾಗಿ ಭಾರತ ಎಂದ ಕೂಡಲೇ ತಂದೆ ಹಿಂಜರಿಯುತ್ತಾನೆ. ಅದನ್ನು ಹಠ ಅಂದುಕೊಂಡು ಜಗಳಕ್ಕೆ ಇಳಿಯಬೇಡಿ. ವಾಪಸ್ ಟಿಕೆಟ್, ಉಳಿಯುವ ವಿಳಾಸ, ದಿನಾ ಮಾತಾಡುವ ಸಮಯ ಇಷ್ಟನ್ನೂ ಬರೆದು ಎರಡೂ ಕಡೆ ಸಹಿ ಆದ ಪತ್ರ ಮಾಡಿಕೊಳ್ಳಿ. ಡಿವೋರ್ಸ್ ಆದೇಶದಲ್ಲಿ "ದೇಶದ ಹೊರಗೆ ಕರೆದೊಯ್ಯಲು ಕೋರ್ಟ್ ಅನುಮತಿ ಬೇಕು" ಎಂಬ ಸಾಲು ಇದೆಯೇ ಎಂದು ಟಿಕೆಟ್ ತೆಗೆಯುವ ಮೊದಲು ಓದಿ, ಆಮೇಲಲ್ಲ.

ಸೂಪರ್ ಮಾರ್ಕೆಟ್ ಹುಡುಗ:
ಅರ್ಜಿಯೊಳಗ ತಂದೆ ಕಾಲಂನ್ಯಾಗ ಇವರ ಹೆಸರೇ ಹಾಕಿದ್ರ ಏನಾಗ್ತದ? 2022ರಾಗ ಸುಪ್ರೀಂ ಕೋರ್ಟೇ ಹೇಳ್ಯದಲ್ಲ, ದಾಖಲೆಯೊಳಗ ಎರಡನೇ ಗಂಡನ್ನ ಮಲತಂದೆ ಅಂತ ಬರೆಸೋದು ಕ್ರೂರ ಅಂತ.

ಕೋರ್ಟ್ ರಸ್ತೆ, ಯಾದಗಿರಿ:
ಅರ್ಧ ಓದಿ ಸಲಹೆ ಕೊಡಬೇಡಿ. ಆ ಪ್ರಕರಣದಲ್ಲಿ ಮಗುವಿನ ಹೆತ್ತ ತಂದೆ ತೀರಿಕೊಂಡಿದ್ದರು, ಪ್ರಶ್ನೆ ಅಡ್ಡಹೆಸರಿನದು. ಇಲ್ಲಿ ತಂದೆ ಬದುಕಿದ್ದಾರೆ, ಜನನ ಪ್ರಮಾಣಪತ್ರದಲ್ಲಿ ಅವರ ಹೆಸರಿದೆ. ವೀಸಾ ಅರ್ಜಿಯಲ್ಲಿ ಬೇರೆ ಹೆಸರು ಹಾಕಿದರೆ ಅದು ಸುಳ್ಳು ಮಾಹಿತಿ.

ಶಹಾಪುರದವ:
ಇನ್ನೊಂದು ಅದ. ಉದ್ಯೋಗದ ಕಾಲಂನ್ಯಾಗ ವಿದ್ಯಾರ್ಥಿ ಅಂತ ಹಾಕಿದ ಕೂಡಲೇ ತಂದಿ ಏನು ಮಾಡ್ತಾರ, ಎಲ್ಲಿ ಕೆಲಸ ಅಂತ ಕೇಳ್ತದ. ಅಲ್ಲಿ ಟೆಕ್ಸಾಸಿನ ತಂದಿದೇ ಬರೀಬೇಕು. ಹಂಗಾಗಿ ಅವರ ಕೂಡ ಮಾತು ಬಿಟ್ಟಿದ್ರೂ ಅಷ್ಟು ವಿವರ ಮೊದಲೇ ತರಿಸಿ ಇಟ್ಕೋರಿ, ಅರ್ಜಿ ನಡುವ ನಿಲ್ತದ.

ತಾಯಿ ಹುಟ್ಟಿದ ಊರು ಪಾಸ್‌ಪೋರ್ಟಿನ್ಯಾಗ ಗುಲ್ಬರ್ಗ ಅಂತ ಇದ್ರ ಅರ್ಜಿಯೊಳಗೂ ಗುಲ್ಬರ್ಗನೇ ಬರೀರಿ. 2014ರಾಗ ಊರ ಹೆಸರು ಬದಲಾಗ್ಯದ, ಪಾಸ್‌ಪೋರ್ಟ್ ಬದಲಾಗಿಲ್ಲ.

ಆಳಂದ ಚೆಕ್‌ಪೋಸ್ಟ್:
ಮೊದಲು ಆ "ಮಲಮಗ" ಅನ್ನೋದು ಬಿಡ್ರಿ. ಓದಾಕೇ ಸಂಕಟ ಆಗ್ತದ. ಮಗ ಅಂದ್ರ ಸಾಲದೇನು?

ಹುಮನಾಬಾದ್ ಅಕ್ಕ:
ಮನ್ಯಾಗ ಮಗ ಅನ್ರಿ, ಯಾರು ಬ್ಯಾಡ ಅಂದ್ರು? ಫಾರಂನ್ಯಾಗ ಹಂಗ ಅಂದ್ಕೊಂಡು ತುಂಬಿದವರೇ ಸಿಕ್ಕೊಳ್ಳೋದು. ಜೇವರ್ಗಿ ರಸ್ತೆ ಅಣ್ಣಾರ, ನಿಮ್ಮ ಹೆಸರು ಬರೋದು ಮೂರು ಕಡೆ. ಒಂದು, ಭಾರತದಾಗ ಪರಿಚಯದವರು ಅನ್ನೋ ಕಾಲಂ, ಹೆಸರು ವಿಳಾಸ ಫೋನ್. ಎರಡು, ವಿಮಾನದವರ ಕಾಗದ. ಹುಡುಗ ಒಬ್ಬನೇ ಬರೋದಾದ್ರ 5ರಿಂದ 11 ವರ್ಷದವರನ್ನ ಎಮಿರೇಟ್ಸ್‌ನಂಥವರು ತಮ್ಮ ಸಿಬ್ಬಂದಿ ಉಸ್ತುವಾರಿಯೊಳಗೇ ಕರಕೊಂಡು ಬರ್ತಾರ. ಇಳಿಸ್ಕೊಳ್ಳೋರು ಯಾರು ಅಂತ ಬರೆದಿರ್ತದೋ ಅವರೇ ಗುರುತಿನ ಚೀಟಿ ಹಿಡ್ಕೊಂಡು ನಿಂತಿರಬೇಕು. ನಿಮ್ಮ ಹೆಸರು ಕೊಟ್ಟು ಮಾವನ್ನ ಕಳಿಸಿದ್ರ ಹುಡುಗನ್ನ ಬಿಡಂಗಿಲ್ಲ. ಎರಡು ಬ್ಯಾರೆ ಬ್ಯಾರೆ ಕಂಪನಿ ವಿಮಾನ ಜೋಡಿಸಿದ ಅಗ್ಗದ ಟಿಕೆಟ್‌ನಿಂದ ದೂರ ಇರ್ರಿ. ಮೂರನೇದು ವಿದೇಶಿಯರು ಉಳಿದದ್ದನ್ನ ಸರಕಾರಕ್ಕ ತಿಳಿಸೋ ಫಾರಂ, 2025ರ ತನಕ ಸಿ ಫಾರಂ ಅಂತಿದ್ರು.

ಬೀದರ್, ನೌಬಾದ್ ಕಡೆಯವ:
ಹೈದರಾಬಾದ್‌ನ್ಯಾಗೇ ಇಳಿಸ್ರಿ. ಬೆಂಗಳೂರು ಅಂದ್ರ ಮತ್ತ ಒಂದು ರಾತ್ರಿ ರೈಲು. ಶಂಷಾಬಾದ್‌ನಿಂದ ಜಹೀರಾಬಾದ್, ಹುಮನಾಬಾದ್ ದಾರಿ ಹಿಡಿದ್ರ ಹೈವೇ.

ಆಳಂದ ಚೆಕ್‌ಪೋಸ್ಟ್:
ಕಲಬುರಗಿಯವರಿಗೆ ಹುಮನಾಬಾದ್ ಸುತ್ತಾಕ ಹೇಳ್ತೀರಲ್ರಿ! ಕೊಡಂಗಲ್, ಸೇಡಂ, ಮಳಖೇಡ ಹಿಡಿದು ಬಂದ್ರ ಸಮೀಪ.

ಬೀದರ್, ನೌಬಾದ್ ಕಡೆಯವ:
ಸಮೀಪ ಖರೇ, ಸಿಮೆಂಟ್ ಲಾರಿ ಹಿಂದ ಎಷ್ಟು ತಾಸು ಅಂತನೂ ಹೇಳ್ರಿ.

ಜೇವರ್ಗಿ ರಸ್ತೆ, ಕಲಬುರಗಿ:
ದಾರಿ ನನಗ ಗೊತ್ತದರಿ. ಸಿ ಫಾರಂ ಲಾಡ್ಜಿನವರಿಗಲ್ಲೇನು?

ಹುಮನಾಬಾದ್ ಅಕ್ಕ:
ಮನೀಗೂ ಅದ. ವಿದೇಶಿ ಪಾಸ್‌ಪೋರ್ಟಿನವರು ಮನ್ಯಾಗ ಉಳಿದ್ರ 24 ತಾಸಿನೊಳಗ ಆನ್‌ಲೈನ್‌ನ್ಯಾಗ ತುಂಬಬೇಕು. ಮಗನೇ ಆದ್ರೂ ಪಾಸ್‌ಪೋರ್ಟ್ ಬಣ್ಣ ನೋಡ್ತಾರ. ತೊಡಕು ಏನಂದ್ರ ಮನಿ ಯಜಮಾನರು ಮೊದಲು ಹೆಸರು ನೋಂದಾಯಿಸಿ ಐಡಿ ಮಂಜೂರು ಮಾಡಿಸ್ಕೋಬೇಕು. ಹುಡುಗ ಇಳಿದ ರಾತ್ರಿ ಕೂತ್ರ 24 ತಾಸಿನೊಳಗ ಆ ಐಡಿನೇ ಸಿಗಂಗಿಲ್ಲ.

ಶಹಾಪುರದವ:
ಬರೋ ವಿವರ ಆನ್‌ಲೈನ್‌ನ್ಯಾಗ ಕೊಡೋ ಇ-ಅರೈವಲ್ ಕಾರ್ಡೂ ಮರೀಬ್ಯಾಡ್ರಿ. 2025ರ ಅಕ್ಟೋಬರ್ 1ರಿಂದ ಬಂದದ, ಇಳಿಯೋಕಿಂತ ಮೊದಲಿನ 72 ತಾಸಿನೊಳಗ ತುಂಬಬೇಕು, ರೊಕ್ಕ ಇಲ್ಲ. ವೀಸಾ ವೆಬ್‌ಸೈಟು ಗವ್ ಡಾಟ್ ಇನ್ ಅಂತ ಮುಗಿಬೇಕು. ಹುಡುಕಿದಾಗ ಮ್ಯಾಲ ಬರೋ ಜಾಹೀರಾತಿನವರು ಅದೇ 40 ಡಾಲರಿನ ಕೆಲಸಕ್ಕ ತಮ್ಮ ರೊಕ್ಕ ಸೇರಿಸಿ ಸುಲಿತಾರ. ಕಟ್ಟಿದ ಫೀ ವೀಸಾ ತಿರಸ್ಕಾರ ಆದ್ರೂ ವಾಪಸ್ ಬರಂಗಿಲ್ಲ.

ಜೇವರ್ಗಿ ರಸ್ತೆ, ಕಲಬುರಗಿ:
ಪಾಸ್‌ಪೋರ್ಟ್ ಕೊನೆ ತಾರೀಖು ಈ ವರ್ಷದ ನವೆಂಬರ್ 20 ಅಂತ ಅದ. ಜೂನ್ 3ಕ್ಕ ಬಂದ್ರ?

ಹುಮನಾಬಾದ್ ಅಕ್ಕ:
ಆರು ತಿಂಗಳಿಗೆ 13 ದಿನ ಕಮ್ಮಿ ಆಗ್ತದ. ವೀಸಾ ಬಿಡ್ರಿ, ಮೊದಲು ಹೈದರಾಬಾದ್ ಅಪಾಯಿಂಟ್‌ಮೆಂಟ್ ಹುಡುಕ್ರಿ.