ಮಟ್ಟು ಯಾರದು? ನಮ್ಮ ಮನೆಯ ವಾಟ್ಸಾಪ್ ಗುಂಪಿನ ಒಂದು ಭಾನುವಾರ

ಮೈಸೂರಿನ ದೊಡ್ಡಪ್ಪ (ಫಾರ್ವರ್ಡ್): ಜಾಜ್ ಎನ್ನುವುದೇ ಕದ್ದ ಸಂಗೀತ! 1917ರ ಮೊಟ್ಟಮೊದಲ ಜಾಜ್ ರೆಕಾರ್ಡು ಕಳ್ಳಮಾಲೆಂದು ಷಿಕಾಗೋ ನ್ಯಾಯಾಲಯವೇ ಹೇಳಿದೆ. ‘ಟೈಗರ್ ರ್‍ಯಾಗ್’ ಮತ್ತು ‘ಬಿಲ್ ಬೇಲಿ’ ಎರಡೂ ಒಂದೇ ಹಾಡು. ಎಲ್ಲರಿಗೂ ತಿಳಿಸಿ.

ಮೈಸೂರಿನ ದೊಡ್ಡಪ್ಪ: ಗುರುಮುಖೇನ ಕಲಿಯದ ಸಂಗೀತದ ಗತಿ ಇದು. ಮಕ್ಕಳಿಗೆ ಸ್ಯಾಕ್ಸೊಫೋನ್ ಕೊಡಿಸಲು ಹೊರಟವರು ಇದನ್ನು ಒಮ್ಮೆ ಓದಬೇಕು.

ಧಾರವಾಡದ ಭಾವ: ಸ್ಯಾಕ್ಸೊಫೋನ್ ಕೊಡಿಸಲು ಹೊರಟವನು ನಾನೇ ಆದ್ದರಿಂದ ಕೇಳುತ್ತೇನೆ. ದಾವೆ ಹೂಡಿದವರು ಯಾರು, ತೀರ್ಪು ಕೊಟ್ಟವರು ಯಾರು? ಬೇವಿನ ಕಷಾಯದ ಸಂದೇಶ ಬಂದಾಗಲೂ ಆಧಾರ ಕೇಳಿದ್ದೆ, ಇಂದಿಗೂ ಉತ್ತರ ಬಂದಿಲ್ಲ.

ಮೈಸೂರಿನ ದೊಡ್ಡಪ್ಪ: ಹಿರಿಯರನ್ನು ಕಟಕಟೆಯಲ್ಲಿ ನಿಲ್ಲಿಸುವುದನ್ನು ನಮ್ಮ ಕಾಲದಲ್ಲಿ ಯಾರೂ ಕಲಿಸಿರಲಿಲ್ಲ.

ನಾನು: ದೊಡ್ಡಪ್ಪ, ಮೊಕದ್ದಮೆ ನಡೆದದ್ದು ನಿಜ, ನ್ಯಾಯಾಧೀಶರು ಜಾರ್ಜ್ ಕಾರ್ಪೆಂಟರ್. ಆ ರೆಕಾರ್ಡಿನಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ (ಜಾಜ್ ಪದದ ಆಗಿನ ಕಾಗುಣಿತ ‘ಜಾಸ್’) ನುಡಿಸಿದ ‘ಲಿವರಿ ಸ್ಟೇಬಲ್ ಬ್ಲೂಸ್’, ಅಂದರೆ ಕ್ಲಾರಿನೆಟ್ಟು ಹುಂಜದಂತೆ ಕೂಗಿ ಕಾರ್ನೆಟ್ಟು ಕುದುರೆಯಂತೆ ಕೆನೆಯುವ ಆ ರಚನೆ, ತಮ್ಮದೆಂದು ಬ್ಯಾಂಡಿನ ನಿಕ್ ಲರೋಕಾ ಹೇಳಿದರೆ, ಅವರ ಹಳೆಯ ಜೊತೆಗಾರ ಆಲ್ಸಿಡ್ ನೂನ್ಯೆಸ್ ಮತ್ತು ರೇ ಲೋಪೆಸ್ ತಮ್ಮದೆಂದರು. ನ್ಯಾಯಾಧೀಶರು ಎರಡೂ ಕಡೆಯವರಿಗೆ ಹಕ್ಕನ್ನು ನಿರಾಕರಿಸಿದರು. ಯಾರ ಸ್ವತ್ತೂ ಅಲ್ಲ ಎಂದದ್ದನ್ನು ಈ ಸಂದೇಶ ಕಳ್ಳತನವೆಂದು ಬರೆದಿದೆ.

ಧಾರವಾಡದ ಭಾವ: ‘ಬಿಲ್ ಬೇಲಿ’ಯ ವಿಚಾರ?

ನಾನು: ಹ್ಯೂಯಿ ಕ್ಯಾನನ್ 1902ರಲ್ಲಿ ಪ್ರಕಟಿಸಿದ ‘ಬಿಲ್ ಬೇಲಿ’ಯ ಪಲ್ಲವಿಗೂ ‘ಟೈಗರ್ ರ್‍ಯಾಗ್’ನ ಕೊನೆಯ ಭಾಗಕ್ಕೂ ಕಾರ್ಡ್‌ಗಳ ನಡೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು ಒಂದರ ಹಿಂದೊಂದು ಬರುವ ಕ್ರಮ, ಹೆಚ್ಚುಕಡಿಮೆ ಒಂದೇ. ಷಡ್ಜದ ಮೇಲೆ ನಿಂತು, ಪಂಚಮಕ್ಕೆ ಹೋಗಿ ಅಲ್ಲಿ ದೀರ್ಘಕಾಲ ಇದ್ದು, ಮನೆಗೆ ಮರಳಿ, ಮಧ್ಯಮಕ್ಕೆ ಏರಿ, ಮತ್ತೆ ಇಳಿದು ಮುಗಿಯುತ್ತದೆ. ಆದರೆ ಅದು ಚೌಕಟ್ಟು ಮಾತ್ರ. ಅದರ ಮೇಲೆ ನಡೆಯುವ ರಾಗ ಬೇರೆ, ಲಯದ ಕುಣಿತ ಬೇರೆ. ಅಮೆರಿಕದ ಸಂಗೀತ ಸಂಯೋಜಕ ಗರ್ಶ್ವಿನ್ 1930ರಲ್ಲಿ ರಚಿಸಿದ ‘ಐ ಗಾಟ್ ರಿದಮ್’ನ ಚೌಕಟ್ಟನ್ನು ಜಾಜ್ ಕಲಾವಿದರಾದ ಲೆಸ್ಟರ್ ಯಂಗ್ 1939ರಲ್ಲಿ, ಡ್ಯೂಕ್ ಎಲಿಂಗ್ಟನ್ 1940ರಲ್ಲಿ ‘ಕಾಟನ್ ಟೇಲ್’ ಎಂಬ ರಚನೆಗಾಗಿ ಎತ್ತಿಕೊಂಡರು. ಚೌಕಟ್ಟು ಎಲ್ಲರಿಗೂ ಗೊತ್ತಿದ್ದುದರಿಂದಲೇ ಅಪರಿಚಿತರು ಒಂದೇ ವೇದಿಕೆಯಲ್ಲಿ ಕೂಡಿ ನುಡಿಸಬಲ್ಲವರಾದರು.

ಮಂಗಳೂರಿನ ಅತ್ತೆ: ಸ್ಯಾಕ್ಸೊಫೋನ್ ಎಂದಾಗ ನೆನಪಾಯಿತು. ಕದ್ರಿ ಗೋಪಾಲನಾಥರ ಕಚೇರಿಗೆ ನಿಮ್ಮ ಮಾವ ನನ್ನನ್ನು ಸ್ಕೂಟರಿನಲ್ಲಿ ಕರೆದೊಯ್ದಿದ್ದರು. ಮಳೆ ಹುಯ್ದರೂ ಒಬ್ಬರೂ ಎದ್ದಿರಲಿಲ್ಲ.

ನಾನು: ಅತ್ತೆ, ಅವರು ಜಾಜ್ ಕಲಾವಿದ ರುದ್ರೇಶ್ ಮಹಾಂತಪ್ಪನವರ ಜೊತೆಗೂ ನುಡಿಸಿದ್ದಾರೆ; ಆ ಆಲ್ಬಮ್ 2008ರಲ್ಲಿ ಬಂದಿತು.

ಮೈಸೂರಿನ ದೊಡ್ಡಪ್ಪ: ಹಾಗಾದರೆ ಯಾರೂ ಏನನ್ನೂ ಕದ್ದೇ ಇಲ್ಲ ಎನ್ನುತ್ತೀಯಾ?

ನಾನು: ಇಲ್ಲ ದೊಡ್ಡಪ್ಪ. ಅದೇ ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ‘ಡಿಕ್ಸಿ ಜಾಸ್ ಬ್ಯಾಂಡ್ ಒನ್-ಸ್ಟೆಪ್’ ಇದೆ. ಅದರೊಳಗೆ ಜೋ ಜೋರ್ಡಾನ್ ಎಂಬ ಕಪ್ಪು ಸಂಗೀತಗಾರ 1909ರಲ್ಲಿ ಪ್ರಕಟಿಸಿದ್ದ ‘ದಟ್ ಟೀಸಿನ್ ರ್‍ಯಾಗ್’ನ ರಾಗವನ್ನೇ ನುಡಿಸಿದ್ದರು, ಹೆಸರು ಹಾಕಿರಲಿಲ್ಲ. ಜೋರ್ಡಾನ್ ಆಕ್ಷೇಪಿಸಿದ ಮೇಲೆ ರೆಕಾರ್ಡು ಹೊರತಂದ ವಿಕ್ಟರ್ ಕಂಪನಿ ಲೇಬಲ್ಲಿನಲ್ಲಿ ಆ ರಚನೆಯ ಹೆಸರನ್ನು ಸೇರಿಸಬೇಕಾಯಿತು. ನನಗೆ ನೋವಾಗುವುದು ಇಲ್ಲಿ. ಬಿಳಿಯರ ಬ್ಯಾಂಡೊಂದು ಮೊದಲ ಜಾಜ್ ರೆಕಾರ್ಡಿನ ಕೀರ್ತಿ ಪಡೆಯಿತು, ಆದರೆ ನೀವು ಕಳಿಸಿದ ಸಂದೇಶದಲ್ಲೂ ಜೋರ್ಡಾನರ ಹೆಸರಿಲ್ಲ.

ಹಾಸನದ ಚಿಕ್ಕಮ್ಮ: ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಉಪನಯನದ ಪುಸ್ತಿಕೆಯಲ್ಲಿ ಅಮ್ಮನ ಆರತಿ ಹಾಡಿನ ಕೆಳಗೆ ‘ರಾಗ ಸಂಯೋಜನೆ’ ಎಂದು ಮೈಸೂರಿನ ಭಾವನವರ ಹೆಸರು ಅಚ್ಚಾಗಿದೆ. ಆ ಮಟ್ಟು ಅಮ್ಮ ಅಡುಗೆಮನೆಯಲ್ಲಿ ಕಟ್ಟಿದ್ದು. ನಾನು ಪಕ್ಕದಲ್ಲೇ ಇದ್ದೆ.

ಮೈಸೂರಿನ ದೊಡ್ಡಪ್ಪ: ಸ್ವರ ಹಾಕಿ ಬರೆದಿಟ್ಟವನು ನಾನು. ಇಲ್ಲದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ.

ಹಾಸನದ ಚಿಕ್ಕಮ್ಮ: ಹಾಗಾದರೆ ಸ್ವರಲಿಪಿ ಎಂದು ಬರೆಸಬೇಕಿತ್ತು.

ಧಾರವಾಡದ ಭಾವ: ಇನ್ನೂ ನೂರು ಪ್ರತಿ ಮುದ್ರಿಸುವುದಿದೆ. ಮುದ್ರಕರಿಗೆ ನಾನು ನಾಳೆ ಏನು ಹೇಳಲಿ?

ಮೈಸೂರಿನ ದೊಡ್ಡಪ್ಪ: ಸಂಜೆ ಫೋನ್ ಮಾಡುತ್ತೇನೆ. ಜೋರ್ಡಾನರ ರಚನೆ ಸಿಕ್ಕಿದರೆ ಇಲ್ಲಿಗೆ ಕಳಿಸಿ, ಕೇಳಬೇಕು.