ಪದಚರ್ಚೆ: ‘ರಗ್ಗಡ್’ ಹಾರ್ಡ್ ಡಿಸ್ಕು — ತಾಳಿಕೆಯೋ, ಬಾಳಿಕೆಯೋ?

ಎಲ್ಲರಿಗೂ ನಮಸ್ಕಾರ.

ಹಾರ್ಡ್ ಡಿಸ್ಕ್ ಕೊಂಡವರು ಬರೆದ ಅನುಭವಗಳನ್ನು ಕನ್ನಡಕ್ಕೆ ತರುವ ಕೆಲಸವೊಂದು ಕೈಗೆ ಬಂದಿದೆ. ಚೀಲದಲ್ಲಿ ಹಾಕಿಕೊಂಡು ಓಡಾಡುವಂಥವು, ಸುತ್ತ ರಬ್ಬರ್ ತೊಡಿಸಿದಂಥವು, ಬಿದ್ದರೂ ಏನೂ ಆಗದು ಎಂದು ಹೇಳಿ ಮಾರುವಂಥವು. ಕೆಲಸ ಸುಲಭದ್ದೇ. ಕೊಂಡವರು ಬರೆಯುವುದು ಎರಡು ಮೂರು ಸಾಲು, ಅದರಲ್ಲಿ ಒಂದು ಸಾಲು ಡಬ್ಬಿ ಯಾವತ್ತು ಬಂತು ಅನ್ನುವುದಕ್ಕೇ ಹೋಗುತ್ತದೆ. ಆದರೆ ಹೆಚ್ಚುಕಮ್ಮಿ ಎಲ್ಲರ ಬರಹದಲ್ಲೂ ಬರುವ ‘ರಗ್ಗಡ್’ ಎಂಬ, ಒರಟು ಬಳಕೆಗೂ ಜಗ್ಗದ್ದು ಎಂಬರ್ಥದ ಇಂಗ್ಲಿಷ್ ಪದ ಒಂದು ವಾರದಿಂದ ನನ್ನ ದಾರಿಗೆ ಅಡ್ಡ ಕೂತಿದೆ.

ಹಾಗೇ ಬಿಟ್ಟರಾಯಿತು ಎಂದುಕೊಂಡೆ. ‘ಹಾರ್ಡ್ ಡಿಸ್ಕ್’, ‘ಕೇಬಲ್’, ‘ಪೋರ್ಟ್’ ಎಲ್ಲವನ್ನೂ ಹಾಗೇ ಬಿಟ್ಟಿದ್ದೇನೆ. ‘ಎಕ್ಸ್‌ಟರ್ನಲ್’ ಕೂಡ ಉಳಿದುಕೊಂಡಿದೆ. ‘ಬಾಹ್ಯ’ ಎಂದ ಕೂಡಲೇ ನನಗೆ ಪರೀಕ್ಷೆಗೆ ಬರುವ ಬಾಹ್ಯ ಪರೀಕ್ಷಕರ ಮುಖ ಕಣ್ಣಿಗೆ ಕಟ್ಟುತ್ತದೆ. ‘ರಗ್ಗಡ್’ ಉಳಿಸಹೊರಟಾಗ ಮಾತ್ರ ಬೇರೆಯೇ ತೊಡಕು. ಇದನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ: ರಗ್ಡ್, ರಗ್ಗೆಡ್, ರಗಡ್. ಕೊನೆಯದನ್ನೇ ಇಟ್ಟು ಬರೆದ ಕರಡನ್ನು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ತೋರಿಸಿದೆ. ಅವರ ಮನೆಮಾತು ಉತ್ತರ ಕರ್ನಾಟಕದ ಕನ್ನಡ. “ರಗಡ ಅಂದ್ರ ಎಷ್ಟು ಟಿಬಿ ರೀ?” ಎಂದು ಕೇಳಿದರು. ಅವರ ಮಾತಿನಲ್ಲಿ ರಗಡ ಎಂದರೆ ಬೇಕಾದಷ್ಟು, ಧಾರಾಳ. ಮರಾಠಿಯಲ್ಲೂ ಅದೇ ಅರ್ಥದ ರಗ್ಗಡ ಇದೆ. ಅವರು ಅದನ್ನು ತುಂಬಾ ಜಾಗ ಇರುವ ಡಿಸ್ಕು ಎಂದು ಓದಿಕೊಂಡಿದ್ದರು. ಕೊಂಡವರ ದೂರುಗಳಲ್ಲಿ ಜಾಗದ್ದೂ ಒಂದು ಇರುವುದರಿಂದ ಈ ಗೊಂದಲವನ್ನು ನಕ್ಕು ಬಿಡುವಂತಿಲ್ಲ. 1 ಟಿಬಿ ಎಂದು ಬರೆದ ಡಿಸ್ಕನ್ನು ಸಿಕ್ಕಿಸಿದರೆ ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಎಣಿಸಿರುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಯಾರೂ ಕದ್ದಿಲ್ಲ. ಆದರೆ ‘ರಗಡ’ ಎಂದು ಓದಿಕೊಂಡವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ.

ಇನ್ನೊಬ್ಬರಿಗೆ ಅದು ‘ರಗ್ಗು’ ಎಂದು ಕೇಳಿಸಿತಂತೆ. ಹೊದೆಯುವ ದಪ್ಪನೆಯ ರಗ್ಗು. ಡಿಸ್ಕಿಗೆ ರಗ್ಗು ಹೊದಿಸಿ ಕೊಡುತ್ತಾರೇನೋ ಎಂದುಕೊಂಡರು. ತಮಾಷೆಯೆಂದರೆ ಇದು ಪೂರಾ ತಪ್ಪೂ ಅಲ್ಲ. ಇಂಗ್ಲಿಷಿನ ಆ ಎರಡು ಪದಗಳೂ ಉತ್ತರ ಯುರೋಪಿನ ಹಳೆಯ ಭಾಷೆಗಳಲ್ಲಿದ್ದ, ಒರಟು ರೋಮದ ಗೊಂಚಲು ಎಂಬರ್ಥದ ಒಂದೇ ಬೇರಿನವು ಎನ್ನುತ್ತಾರೆ. ಉಬ್ಬುತಗ್ಗು, ಒರಟು ಎಂಬ ಅರ್ಥದಿಂದ ಹೊರಟ ಪದ ಎಷ್ಟೋ ಕಾಲದ ಮೇಲೆ ‘ಒರಟಾಗಿ ಬಳಸಿದರೂ ಕೆಡದ್ದು’ ಎಂಬಲ್ಲಿಗೆ ಬಂದು ನಿಂತಿದೆ.

ಈಗ ಕನ್ನಡದಲ್ಲಿ ಏನಿದೆ?

ಕೇಳಿದವರೆಲ್ಲ ಮೊದಲು ಹೇಳಿದ್ದು ‘ಗಟ್ಟಿಮುಟ್ಟು’. ಒಳ್ಳೆಯ ಪದ, ಬಾಯಿಗೂ ಹಿತ. ಆದರೆ ಅದು ಇರುವ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಏಟು ಬಿದ್ದಾಗ ಏನಾದೀತು ಎಂಬುದನ್ನಲ್ಲ. ಎಂಬತ್ತಾದರೂ ಅಜ್ಜ ಗಟ್ಟಿಮುಟ್ಟಾಗಿದ್ದಾರೆ ಎನ್ನುತ್ತೇವೆ, ಹಾಗೆನ್ನುತ್ತಲೇ ಅವರು ಬಚ್ಚಲಲ್ಲಿ ಜಾರದಿರಲಿ ಎಂದು ಗೋಡೆಗೆ ಹಿಡಿಕೆಯನ್ನೂ ಹಾಕಿಸುತ್ತೇವೆ. ‘ಸದೃಢ’ ಹಾರ್ಡ್ ಡಿಸ್ಕು ಎಂದರೆ ಬೆಳಗ್ಗೆ ಎದ್ದು ದಂಡ ಹೊಡೆದು ಬಂದಂತಿದೆ. ‘ಒರಟು’ ಎಂದರೆ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದ ಡಿಸ್ಕು. ‘ವಜ್ರಕಾಯ’ ಎಂದು ಒಬ್ಬರು ಸೂಚಿಸಿದರು, ಅದನ್ನು ಅವರಿಗೇ ಬಿಟ್ಟಿದ್ದೇನೆ. ‘ಹಾರ್ಡ್’ ಅನ್ನುವುದೇ ಗಟ್ಟಿ ತಾನೇ, ಮತ್ತೊಂದು ಗಟ್ಟಿ ಏಕೆ ಎಂದವರೂ ಉಂಟು. ಆ ‘ಹಾರ್ಡ್’ ಬಂದದ್ದು ಹಿಂದೆ ಇದ್ದ ಬಳುಕುವ ಫ್ಲಾಪಿ ಡಿಸ್ಕಿಗೆ ಎದುರಾಗಿ: ಒಳಗಿನ ತಟ್ಟೆ ಬಳುಕುವುದಿಲ್ಲ ಎಂಬಷ್ಟೇ ಅರ್ಥ. ಒಯ್ಯಲು ಹಗುರಾದ 2.5 ಇಂಚಿನ ಡಿಸ್ಕುಗಳಲ್ಲಿ ಎಷ್ಟೋ ಸಲ ಆ ತಟ್ಟೆ ಗಾಜಿನದೇ ಆಗಿರುತ್ತದೆ. ಹೆಸರು ಗಟ್ಟಿ, ಒಳಗೆ ಗಾಜು.

ಇನ್ನು ಉಳಿದದ್ದು ‘ಬಾಳಿಕೆ ಬರುವ’. ನನ್ನ ಮೊದಲ ಕರಡಿನಲ್ಲಿ ಎಲ್ಲ ಕಡೆ ಇದನ್ನೇ ಹಾಕಿದ್ದೆ. ಮೂವತ್ತು ನಲವತ್ತು ಅನುಭವಗಳು ಮುಗಿಯುವ ಹೊತ್ತಿಗೆ ಎಲ್ಲೋ ಎಡವಿದ್ದೇನೆ ಅನ್ನಿಸಿತು. ಒಬ್ಬರು ಬರೆಯುತ್ತಾರೆ: ಮೂರು ಸಲ ಮೇಜಿನಿಂದ ಬಿತ್ತು, ಏನೂ ಆಗಲಿಲ್ಲ, ಆದರೆ ಎರಡು ವರ್ಷಕ್ಕೆ ತಾನಾಗಿ ಕೆಟ್ಟಿತು. ಇನ್ನೊಬ್ಬರದು: ಐದು ವರ್ಷದಿಂದ ಚೆನ್ನಾಗಿದೆ, ಮೇಜಿನ ಮೇಲಿಂದ ಅಲ್ಲಾಡಿಸಿಯೇ ಇಲ್ಲ. ಇಬ್ಬರೂ ತಮ್ಮ ಡಿಸ್ಕು ‘ರಗ್ಗಡ್’ ಹೌದೋ ಅಲ್ಲವೋ ಎಂದು ತೀರ್ಪು ಕೊಟ್ಟಿದ್ದಾರೆ, ಇಬ್ಬರೂ ಅಳೆದದ್ದು ಬೇರೆ ಬೇರೆ ಗುಣವನ್ನು. ಮೊದಲನೆಯದು ತಾಳಿತು, ಬಾಳಲಿಲ್ಲ. ಎರಡನೆಯದು ಬಾಳುತ್ತಿದೆ, ತಾಳುತ್ತದೋ ಇಲ್ಲವೋ ಯಾರೂ ನೋಡಿಲ್ಲ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಮನುಷ್ಯರಿಗೆ ಸರಿ, ಡಿಸ್ಕಿಗೆ ಹೊಂದಿಕೊಳ್ಳದು.

ತಾಳಿಕೆ, ಬಾಳಿಕೆ ಎಂದು ನಾವು ಜೋಡಿಯಾಗಿ ಆಡಿ ಆಡಿ ಅವೆರಡೂ ಒಂದೇ ಎನ್ನುವಂತಾಗಿದೆ. ಬಾಳಿಕೆಗೆ ಕಾಲದ ಲೆಕ್ಕ ಸಾಕು: ಎಷ್ಟು ವರ್ಷ ಬಂತು? ತಾಳು ಎಂಬುದಕ್ಕೆ ಅಷ್ಟು ಸಾಲದು, ಅದು ಕರ್ಮಪದ ಕೇಳುತ್ತದೆ. ಏನನ್ನು ತಾಳುತ್ತದೆ? ಪೆಟ್ಟನ್ನೋ, ಭಾರವನ್ನೋ, ಬಿಸಿಲನ್ನೋ, ನೀರನ್ನೋ? ‘ರಗ್ಗಡ್’ ಎಂದುಬಿಟ್ಟರೆ ಈ ಪ್ರಶ್ನೆ ಏಳುವುದೇ ಇಲ್ಲ, ಕನ್ನಡದಲ್ಲಿ ಬರೆಯಲು ಕೂತರೆ ಕೇಳದೆ ಮುಂದೆ ಹೋಗಲಾಗುವುದಿಲ್ಲ. ನನಗೆ ಇದು ಕನ್ನಡದ ಕೊರತೆಯಾಗಿ ಕಾಣಲಿಲ್ಲ. ಮಾರುವವರ ಚೀಟಿಯಲ್ಲಿ ಬಚ್ಚಿಟ್ಟುಕೊಂಡದ್ದನ್ನು ಕ್ರಿಯಾಪದ ಎಳೆದು ಹೊರಗೆ ಹಾಕುತ್ತದೆ.

ಉದಾಹರಣೆಗೆ ‘ಮಿಲಿಟರಿ ಗ್ರೇಡ್’ ಎಂಬ ಮಾತು. ‘ಸೇನಾ ದರ್ಜೆ’ ಎಂದು ಅನುವಾದಿಸಿದೆ, ಆಮೇಲೆ ಹೊಡೆದು ಹಾಕಿದೆ. ಓದಿದವರಿಗೆ ಸೈನ್ಯದವರೇ ನೋಡಿ ಮುದ್ರೆ ಒತ್ತಿದ್ದಾರೆ ಅನ್ನಿಸುತ್ತದೆ. ಇದರ ಹಿಂದೆ ಇರುವುದು ಅಮೆರಿಕದ ರಕ್ಷಣಾ ಇಲಾಖೆಯ ಮಿಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ವಿಧಾನಗಳ ಕೈಪಿಡಿ. ಅದರಂತೆ ಪರೀಕ್ಷಿಸಿದ್ದೇವೆ ಎಂದು ತಯಾರಿಸಿದವರೇ ಹೇಳಿಕೊಳ್ಳಬಹುದು. ಅದರ 810ಜಿ ಆವೃತ್ತಿಯಲ್ಲಿ ಕೈಯಲ್ಲಿ ಒಯ್ಯುವ ವಸ್ತುಗಳನ್ನು 122 ಸೆಂ.ಮೀ. ಎತ್ತರದಿಂದ 26 ಸಲ ಬೀಳಿಸಬೇಕು. 26 ಎಲ್ಲಿಂದ ಬಂತು ಅಂದರೆ, ಪೆಟ್ಟಿಗೆಯಾಕಾರದ ವಸ್ತುವಿಗೆ 6 ಮುಖ, 12 ಅಂಚು, 8 ಮೂಲೆ. ಬೀಳುವುದು ಕಾಂಕ್ರೀಟಿನ ಮೇಲೆ ಹಾಸಿದ ಪ್ಲೈವುಡ್ ಮೇಲೆ. ಈ 26 ಬೀಳುಗಳನ್ನು ಒಂದೇ ಥರದ 5 ಡಿಸ್ಕುಗಳ ತನಕ ಹಂಚಿಕೊಳ್ಳಬಹುದು. ಅಂದರೆ ಒಂದೊಂದಕ್ಕೆ ಐದಾರು ಬೀಳು ಸಿಕ್ಕರೂ ಪರೀಕ್ಷೆ ಮುಗಿದಂತೆಯೇ. (‘ಬೀಳು’ ಎಂದು ನಾಮಪದವಾಗಿ ಬಳಸಿದ್ದಕ್ಕೆ ಕ್ಷಮಿಸಿ, ಪಾಳುಬಿದ್ದ ಹೊಲವೂ ಬೀಳೇ. ‘ಬೀಳುವಿಕೆ’ ಎಂದು ಬರೆಯಲು ಕೈ ಬರಲಿಲ್ಲ.) ಇಷ್ಟಾದ ಮೇಲೆ ಮಾರುವವರ ಚೀಟಿಯಲ್ಲಿ ಎಷ್ಟೋ ಸಲ ಸಣ್ಣ ಅಕ್ಷರದಲ್ಲಿ ಇನ್ನೊಂದು ಷರತ್ತು ಇರುತ್ತದೆ: ಡಿಸ್ಕು ಆಗ ಚಾಲೂ ಇರಬಾರದು.

ಈ ಷರತ್ತಿನ ಬಿಸಿ ನನಗೂ ತಟ್ಟಿದೆ. ಫೋಟೋಗಳು ಕಾಪಿ ಆಗುತ್ತಿದ್ದಾಗ ಕಾಲಿಗೆ ಕೇಬಲ್ ಸಿಕ್ಕಿ ನನ್ನ ಡಿಸ್ಕು ನೆಲಕ್ಕೆ ಬಿತ್ತು. ಮೊಣಕಾಲಿನಷ್ಟೂ ಎತ್ತರ ಇರಲಿಲ್ಲ. ರಬ್ಬರಿಗೆ ಗೀರೂ ಇಲ್ಲ. ಮತ್ತೆ ಸಿಕ್ಕಿಸಿದರೆ ಟಕ್ ಟಕ್ ಎಂಬ ಸದ್ದು, ಅಷ್ಟೇ. ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ಡು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಡಿಸ್ಕು ನಿಂತಿದ್ದಾಗ ಹೆಡ್ಡು ತಟ್ಟೆಯಿಂದಾಚೆ ಸರಿದು ಕೂತಿರುತ್ತದೆ, ಆಗ ಬಿದ್ದರೆ ಬದುಕುವ ಸಂಭವ ಬಹಳ ಹೆಚ್ಚು. ಓಡುವಾಗ ಬಿದ್ದರೆ ಹೆಡ್ಡು ತಟ್ಟೆಗೆ ಬಡಿಯುತ್ತದೆ. ವಾರಂಟಿಯವರು ಮರುಮಾತಿಲ್ಲದೆ ಹೊಸದು ಕೊಟ್ಟರು. ಖಾಲಿ ಇರುವುದನ್ನು. ವಾರಂಟಿ ಪೆಟ್ಟಿಗೆಗೆ ಮಾತ್ರ, ಒಳಗಿನ ಡೇಟಾಕ್ಕಲ್ಲ ಎಂದು ಅದರಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಈಗ ಈ ಅನುಭವವನ್ನು ಒಂದು ಸಾಲಿನಲ್ಲಿ ಬರೆಯಬೇಕಾದರೆ ‘ಕವಚ ತಾಳಿತು’ ಎನ್ನುತ್ತೇನೆ. ‘ಡಿಸ್ಕು ತಾಳಿತು’ ಎಂದರೆ ಸುಳ್ಳಾಗುತ್ತದೆ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಕೊಂಡವರ ಅನುಭವಗಳಲ್ಲಿ ಈ ತಾಪತ್ರಯ ಬಲು ಕಡಿಮೆ. ಅಲ್ಲಿ ಡಿಸ್ಕೇ ತಾಳುತ್ತದೆ ಎಂದು ಧೈರ್ಯವಾಗಿ ಬರೆಯಬಹುದು.

‘ತಡೆ’ ಬೇಡವೇ ಎಂದು ಕೇಳುವವರಿಗೆ: ಅದು ಎರಡಲಗಿನ ಪದ. ಈ ಕವಚ ನೀರು ತಡೆಯುತ್ತದೆ ಎಂದರೆ ನೀರು ಒಳಗೆ ಬರುವುದಿಲ್ಲ. ನೋವು ತಡೆಯಲಾರೆ ಎಂದರೆ ನೋವು ಬಂದಾಗಿದೆ, ಸಹಿಸಲಾಗುತ್ತಿಲ್ಲ. ‘ಪೆಟ್ಟು ತಡೆಯುತ್ತದೆ’ ಎಂದು ಬರೆದರೆ ಇವೆರಡರಲ್ಲಿ ಯಾವುದು? ‘ತಡೆದುಕೊಳ್ಳುತ್ತದೆ’ ಎಂದರೆ ಸಹಿಸುವ ಕಡೆಗೆ ವಾಲುತ್ತದೆ, ನಿಜ. ಹಾಗಾಗಿ ನೀರಿಗೆ ತಡೆ, ಪೆಟ್ಟಿಗೆ ತಾಳು ಎಂದು ಹಂಚಿಕೊಂಡಿದ್ದೇನೆ. ನೀರಿನ ವಿಷಯಕ್ಕೂ ‘ಜಲನಿರೋಧಕ’ ಎಂಬ ಒಂದೇ ಪದ ಸಾಲದು. ಡಬ್ಬಿಯ ಮೇಲಿನ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಎರಡನೆಯದರಲ್ಲಿ 1 ಎಂದರೆ ತೊಟ್ಟಿಕ್ಕುವ ನೀರು, 4 ಎಂದರೆ ಎರಚುವ ನೀರು, 5 ಎಂದರೆ ಕೊಳವೆಯಿಂದ ಚಿಮ್ಮುವ ನೀರು, 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗು. ತೊಟ್ಟಿಕ್ಕು, ಎರಚು, ಚಿಮ್ಮು, ಮುಳುಗು: ಕ್ರಿಯಾಪದಗಳು ನಮ್ಮಲ್ಲಿ ಸಾಲಾಗಿ ನಿಂತಿವೆ. ಐಪಿ54ರ ಡಿಸ್ಕನ್ನು ಬಕೆಟ್ಟಿಗೆ ಬೀಳಿಸಿಕೊಂಡು ಮೋಸ ಹೋದೆ ಎನ್ನುವವರು ‘ಎರಚಿದ ನೀರು ತಡೆಯುತ್ತದೆ’ ಎಂದು ಓದಿದ್ದರೆ ಆ ದೂರು ಬರೆಯುತ್ತಿರಲಿಲ್ಲವೇನೋ. ಪೋರ್ಟಿನ ರಬ್ಬರ್ ಮುಚ್ಚಳ ಹಾಕದೆ ಮುಳುಗಿಸಿದವರಿಗೆ ಯಾವ ಪದವೂ ನೆರವಾಗದು.

ಹೀಗೆಲ್ಲ ಹೋಗಿ ನಾನು ತಲುಪಿದ್ದು ಇಲ್ಲಿಗೆ: ಒಟ್ಟಾರೆ ಗುಣಕ್ಕೆ ‘ತಾಳಿಕೆ’, ವಿವರಕ್ಕೆ ‘ಪೆಟ್ಟು ತಾಳುವ’, ‘ಭಾರ ತಾಳುವ’ ಇತ್ಯಾದಿ. ವರ್ಷಗಳ ಲೆಕ್ಕಕ್ಕೆ ಮಾತ್ರ ‘ಬಾಳಿಕೆ’. ಲಾಸಿ ಕಂಪನಿಯ ಕಿತ್ತಳೆ ಬಣ್ಣದ ರಬ್ಬರಿನ ಡಿಸ್ಕಿಗೆ ‘ರಗ್ಗಡ್’ ಎಂಬುದೇ ಹೆಸರಾದ್ದರಿಂದ ಅಲ್ಲಿ ಅನುವಾದದ ಮಾತಿಲ್ಲ.

ಇನ್ನು ನಿಮ್ಮನ್ನು ಕೇಳಬೇಕಾದದ್ದು. ‘ತಾಳಿಕೆಯ ಹಾರ್ಡ್ ಡಿಸ್ಕ್’ ಎಂದು ಕರ್ಮಪದವಿಲ್ಲದೆ ಬರೆದರೆ ನಿಮ್ಮ ಕಿವಿಗೆ ಸರಿ ಕೇಳಿಸುತ್ತದೆಯೇ, ಅಥವಾ ತಾಳ್ಮೆಯಿಂದ ಕಾಯುವ ಡಿಸ್ಕು ಅನ್ನಿಸುತ್ತದೆಯೇ? ನನ್ನ ಕಿವಿ ಈಗಾಗಲೇ ಪಳಗಿಹೋಗಿದೆ, ನಂಬುವಂತಿಲ್ಲ.

ಎರಡನೆಯದು ಇದಕ್ಕಿಂತ ತಲೆನೋವಿನದು. ಕನ್ನಡದಲ್ಲೇ ಬರೆದ ಅನುಭವವೊಂದರಲ್ಲಿ ‘ಹಾರ್ಡ್ ಡಿಸ್ಕ್ ಬಿದ್ದು ಹೋಯ್ತು’ ಎಂದಿತ್ತು, ಅಷ್ಟೇ. ‘ಬಿದ್ದುಹೋಯ್ತು’ ಎಂದು ಒಂದಾಗಿ ಓದಿದರೆ ಕೈಜಾರಿ ಬಿತ್ತು ಎಂದು ಮಾತ್ರ. ಬಿಡಿಸಿ ಓದಿದರೆ ಬಿತ್ತು, ಬಿದ್ದದ್ದರಿಂದ ಕೆಟ್ಟಿತು. ಚೀಲದಿಂದ ಎಲ್ಲೋ ಉದುರಿ ಕಳೆದೇ ಹೋಯಿತು ಎಂಬುದೂ ಸಾಧ್ಯ. ಬರೆದವರು ಐದಕ್ಕೆ ನಾಲ್ಕು ಚುಕ್ಕಿ ಕೊಟ್ಟಿದ್ದಾರೆ. ಒಂದು ಚುಕ್ಕಿ ಕಳೆದದ್ದು ಏತಕ್ಕೆ ಎಂದು ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಿ.