ಎನಾಮಲ್ ‘ಮಾಯುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಖನಿಜ ಕಳೆದುಕೊಂಡ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಚೇತರಿಸುತ್ತಿದೆಯೇ ಎಂದು ಬೆಳಕು ಮತ್ತು ಕಾವಿನಿಂದ ಪತ್ತೆಹಚ್ಚುವ ವಿಧಾನದ ಬಗ್ಗೆ, ಹಲ್ಲು ತೋರಿಸಲು ಬರುವವರು ಓದುವಂಥ ಕರಪತ್ರ ಬರೆಯುತ್ತಿದ್ದೇನೆ. ಟೊರಾಂಟೊ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಮ್ಯಾಂಡೆಲಿಸ್ ಅವರ ತಂಡ ಬೆಳೆಸಿದ ವಿಧಾನವಿದು. ಒಂದು ಕ್ರಿಯಾಪದದ ಹತ್ತಿರ ಬರವಣಿಗೆ ನಿಂತಿದೆ.

ಎನಾಮಲ್ ತೂಕದಲ್ಲಿ ಸುಮಾರು 96% ಖನಿಜವೇ. ಹಲ್ಲಿನ ಮೇಲಿನ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗುತ್ತವೆ. ಜೊಲ್ಲಿನಲ್ಲಿರುವ ಅವೇ ಅಂಶಗಳು, ಫ್ಲೋರೈಡ್ ನೆರವಿದ್ದರೆ, ವಾಪಸ್ ಬಂದು ಕೂರುತ್ತವೆ. ಕ್ಲಿಪ್ ತೆಗೆಸಿದ ಮಕ್ಕಳ ಹಲ್ಲಿನ ಮೇಲೆ, ಬ್ರಾಕೆಟ್ ಅಂಟಿದ್ದ ಜಾಗದ ಸುತ್ತ, ಸೀಮೆಸುಣ್ಣ ಬಳಿದಂಥ ಬಿಳಿ ಮಚ್ಚೆ ಕಾಣುತ್ತದಲ್ಲ, ಅದು ಈ ನಷ್ಟದ ಮೊದಲ ಗುರುತು. ಮೇಲ್ಪದರ ಇನ್ನೂ ಹಾಗೇ ಇದ್ದು, ಅದರಡಿ ಸಣ್ಣ ಸಣ್ಣ ರಂಧ್ರಗಳಾಗಿರುತ್ತವೆ. ಎಕ್ಸ್-ರೇಗೆ ಇದು ಸಿಗುವುದು ಕಷ್ಟ. ಅಲ್ಲಿಗೆ ಕೆಂಪು ಲೇಸರ್ ಬೆಳಕನ್ನು ಮಿಡಿತ ಮಿಡಿತವಾಗಿ ಬಿಟ್ಟರೆ ಹಲ್ಲಿಗೆ ಒಂದು ಡಿಗ್ರಿಗೂ ಕಡಿಮೆ ಕಾವೇರುತ್ತದೆ. ಆ ಕಾವು ಅವಕೆಂಪು ಕಿರಣವಾಗಿ ಹೊರಬರುತ್ತದೆ, ಜೊತೆಗೆ ಹಲ್ಲು ತಾನೂ ತುಸು ಬೆಳಕು ಸೂಸುತ್ತದೆ. ಎರಡನ್ನೂ ಅಳೆಯುತ್ತಾರೆ. ಮಿಡಿತ ನಿಧಾನವಾದಷ್ಟೂ ಆಳದ ಸುದ್ದಿ ಸಿಗುತ್ತದೆ. ಹಲ್ಲು ಕೊರೆಯದೆ, ಕೆಲವು ತಿಂಗಳು ಬಿಟ್ಟು ಅದೇ ಜಾಗವನ್ನು ಮತ್ತೆ ಅಳೆದು ಹೋಲಿಸಬಹುದು. ಡ್ರಿಲ್ ಕೈಗೆತ್ತಿಕೊಳ್ಳಬೇಕೋ ಕಾಯಬೇಕೋ ಎಂಬ ತೀರ್ಮಾನಕ್ಕೆ ಇದು ಎಷ್ಟು ದೊಡ್ಡ ಆಸರೆ!

ಈಗ ಪ್ರಶ್ನೆ. ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಎರಡೂ ಕಡೆ ಜೀವಕೋಶಗಳು ದುಡಿಯುತ್ತವೆ. ಎನಾಮಲ್ ಕಟ್ಟಿದ ಕೋಶಗಳೋ ಹಲ್ಲು ಮೂಡುವ ಹೊತ್ತಿಗೇ ಅಳಿದಿರುತ್ತವೆ. ಹಾಗಾಗಿ ‘ಮಾಯು’ ನನಗೆ ಒಪ್ಪುತ್ತಿಲ್ಲ. ‘ದುರಸ್ತಿ’ ಅಂದರೆ ಡಾಕ್ಟರು ಸಿಮೆಂಟ್ ತುಂಬಿದರು ಅಂತ ಅರ್ಥವಾಗುತ್ತದೆ. ‘ಮೊದಲಿನಂತಾಗು’ ಕೂಡ ಸರಿಯಲ್ಲ: ಖನಿಜ ಸಾಕಷ್ಟು ಮರಳಿದ ಮೇಲೂ ಮಚ್ಚೆ ಕಣ್ಣಿಗೆ ಕಾಣುತ್ತಲೇ ಇರಬಹುದು, ಬರೀ ಕಣ್ಣು ಸಾಲದೆ ಉಪಕರಣ ಬೇಕಾಗುವುದೂ ಅದಕ್ಕೇ. ‘ಪುನರ್ಖನಿಜೀಕರಣ’ ಪಠ್ಯಪುಸ್ತಕಕ್ಕೆ ಸರಿ, ಕರಪತ್ರದಲ್ಲಿ ಓದುಗರು ಅಲ್ಲೇ ಬಿಟ್ಟುಬಿಡುತ್ತಾರೆ.

ನನ್ನ ಒಲವು ‘ಮರಳಿ ಗಟ್ಟಿಯಾಗು’ ಕಡೆಗಿದೆ. ದಂತವೈದ್ಯರು ಯಾರಾದರೂ ಇದ್ದರೆ, ನೀವು ರೋಗಿಗಳಿಗೆ ಏನೆಂದು ಹೇಳುತ್ತೀರಿ? ಇನ್ನೊಂದು: ತೂತು ಬೀಳದ ಈ ಹಂತಕ್ಕೆ ‘ಹುಳುಕು’ ಅನ್ನಲು ಮನಸ್ಸು ಬರುತ್ತಿಲ್ಲ. ನಿಮ್ಮ ಕಡೆ ಇಂಥ ಬಿಳಿ ಮಚ್ಚೆಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.